ಆಕಾಶದೂರಿನ ಮೀನಿಗೆ ಮಳೆ ಬಿಟ್ಟವನು

ಮಾಯಣ್ಣ ಸತ್ತ ದಿನ ದಬ್ಬೇಘಟ್ಟದಲ್ಲಿ ಬಸ್ಸು ಇಳಿದು ಬಂದವರೆಲ್ಲ ಅವನ ಬಗ್ಗೆ ಒಂದೇ ಮಾತು ಆಡಿದರು. ಆಕಾಶದೂರಿನ ಮೀನಿಗೆ ಮಳೆ ಬಿಟ್ಟು ಕೆಡಿಸಿದವನು ಇವನೇ ಅಲ್ಲವಾ ಎಂದು. ಐವತ್ತೆಂಟು ವರ್ಷ ಬದುಕಿದ್ದ. ಮೂವತ್ತು ವರ್ಷ ಊರಿಗೆ ನೀರು ಹಂಚಿದ್ದ. ಅದು ಯಾರ ಬಾಯಲ್ಲೂ ಬರಲಿಲ್ಲ. ಮಳೆ ಬಿಟ್ಟದ್ದು ಒಂದೇ ಒಂದು ಮಧ್ಯಾಹ್ನ. ಜನಕ್ಕೆ ಅದೇ ಉಳಿಯಿತು. ಕೆಡಿಸಿದನೋ ಇಲ್ಲವೋ ಓದಿದವರು ಹೇಳಲಿ. ಆದದ್ದು ಹೀಗೆ.

ಮಾಯಣ್ಣ ನೀರಗಂಟಿ. ಅವನ ಅಪ್ಪನೂ ನೀರಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಸಂಬಳ ಅಂತ ಇಲ್ಲ. ಸುಗ್ಗಿಯಲ್ಲಿ ಒಂದೊಂದು ಕಣದಿಂದ ಇಷ್ಟು ಮೊರ ಭತ್ತ ಅಂತ. ಮಾಯಣ್ಣ ಕುಳ್ಳ. ಕಾಲು ಸೊಟ್ಟ. ಕೆಸರಲ್ಲಿ ನಿಂತು ನಿಂತು ಹೆಬ್ಬೆರಳಿನ ಉಗುರು ಎರಡೂ ಕಪ್ಪಾಗಿದ್ದವು. ಮಾತು ಕಡಿಮೆ. ಆಡಿದರೆ ಎದುರಿನವರಿಗೆ ತಗುಲುವ ಹಾಗೆ ಆಡುತ್ತಿದ್ದ, ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ನೀರಗಂಟಿಗೆ ಇನ್ನೂ ಒಂದು ಕೆಲಸ ಇತ್ತು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳದ ಕೆಂಪು ನೀರು ಕೆರೆಗೆ ಇಳಿಯುವಾಗ ಕೆರೆಯ ಮೀನು ಆ ನೀರಿಗೆ ಎದುರಾಗಿ ಹತ್ತುತ್ತವೆ. ಹೊಟ್ಟೆ ತುಂಬ ಮೊಟ್ಟೆ. ಹಳ್ಳದ ಬಾಯಿಗೆ ಬಿದಿರಿನ ಕೂಳಿ ಇಟ್ಟರೆ ಸಾಕು, ಮೀನು ತಾವಾಗಿ ಬಂದು ತುಂಬಿಕೊಳ್ಳುತ್ತವೆ. ಆದರೆ ಮೊದಲ ದಿನ ಯಾರೂ ಕೂಳಿ ಇಡುವ ಹಾಗಿಲ್ಲ. ಎರಡನೆಯ ದಿನದಿಂದ ಅವರವರ ಪಾಡು. ಆ ಒಂದು ದಿನ ನೀರಗಂಟಿ ದೊಣ್ಣೆ ಹಿಡಿದು ಹಳ್ಳದ ಬಾಯಲ್ಲಿ ನೆನೆದುಕೊಂಡು ನಿಲ್ಲಬೇಕು.

ಒಂದು ವರ್ಷ ಅವನ ಗೆಳೆಯ ಕೆಂಪಯ್ಯನೇ ಜೊಂಡಿನ ಮರೆಯಲ್ಲಿ ಕೂಳಿ ಇಟ್ಟಿದ್ದ. ಮಾಯಣ್ಣ ಅದನ್ನು ಎತ್ತಿ ಮೀನು ಬಿಟ್ಟು, ಕೂಳಿಯನ್ನು ಕಾಲಲ್ಲಿ ತುಳಿದು ಮುರಿದ.

"ಲೇ, ಹೊಸಾದು ಕಣ್ಲಾ! ಮೊನ್ನೆ ತಾನೆ ಹೆಣಿಸ್ದೆ," ಎಂದು ಕೆಂಪಯ್ಯ ಬಾಯಿ ಬಡಿದುಕೊಂಡ.

"ಬಸುರಿ ಮೆಟ್ಲು ಹತ್ತುವಾಗ ಕಾಲು ಅಡ್ಡ ಕೊಡ್ತಾರೇನ್ಲಾ? ನಾಳೀಕೆ ಬಾ. ನಾನೇ ಹಿಡ್ಕೊಡ್ತೀನಿ."

ಮಾರನೆಯ ದಿನ ಹಿಡಿದೂ ಕೊಟ್ಟ. ಮಾಯಣ್ಣ ಮೀನು ತಿನ್ನುವವನೇ. ಹೆಂಡತಿ ಸಿದ್ದಕ್ಕ ಹುಣಸೆಹುಳಿ ಹಾಕಿ ಸಾರು ಮಾಡಿದರೆ ಮುದ್ದೆ ಎರಡು ಹೆಚ್ಚಿಗೆ ಇಳಿಯುತ್ತಿದ್ದವು. ಕೊಲ್ಲುವುದು ತಪ್ಪು ಎಂದು ಅವನು ಯಾವತ್ತೂ ಹೇಳಿದವನಲ್ಲ.

ಸ್ಕೈಲ್ಯಾಬ್ ಎಂಬುದು ಆಕಾಶದಿಂದ ಬೀಳುತ್ತದೆ ಎಂದು ಸುದ್ದಿ ಎದ್ದ ಆಷಾಢದಲ್ಲಿ ಊರೇ ಹೆದರಿತ್ತು. ಸಾಯುವುದಾದರೆ ತಿಂದಾದರೂ ಸಾಯೋಣ ಎಂದು ಸುಮಾರು ಮನೆಗಳಲ್ಲಿ ಹುಂಜ ಕುಯ್ದರು. ಅದರ ಒಳಗೆ ಮೊದಲು ಮನುಷ್ಯರು ಇದ್ದರಂತೆ, ತಿಂಗಳುಗಟ್ಟಲೆ ಅಲ್ಲೇ ಉಂಡು ಮಲಗಿದ್ದರಂತೆ ಎಂದು ಯಾರೋ ಅಂದರು. ಮಾಯಣ್ಣ ಕೇಳಿದ್ದು ಒಂದೇ. "ನೀರಿಗೇನು ಮಾಡ್ತಿದ್ರಂತೆ?"

ಅಷ್ಟು ಹೊತ್ತಿಗೆ ಅವನ ಸ್ವಂತ ನೀರೇ ಕೈಬಿಡುತ್ತಿತ್ತು. ಗದ್ದೆಗಳಲ್ಲಿ ಜನ ತೆಂಗಿನ ಸಸಿ ನೆಟ್ಟರು. ಬಾವಿಗೆ ಪಂಪ್‌ಸೆಟ್ ಕೂರಿಸಿದರು. ಸ್ವಿಚ್ ಒತ್ತಿದರೆ ನೀರು ಬರುವಾಗ ನೀರಗಂಟಿ ಯಾಕೆ? ಕೊನೆಯ ಸುಗ್ಗಿಯಲ್ಲಿ ಎರಡೇ ಕಣ ಇದ್ದವು. ಆಮೇಲೆ ಅದೂ ಇಲ್ಲ. ಮರ ಹತ್ತಲು ಸೊಟ್ಟ ಕಾಲು ಆಗದು. ಸಿದ್ದಕ್ಕ ಊರಿನ ದೊಡ್ಡ ತೆಂಗಿನ ತೋಟದ ಏಕಾಂತಯ್ಯನವರ ಕೊಬ್ಬರಿ ಮನೆಗೆ ಕಾಯಿ ಸುಲಿಯಲು ಹೋಗುತ್ತಿದ್ದಳು. ಮಾಯಣ್ಣ ಮನೆಯಲ್ಲಿ. ಕೆಲಸ ಇಲ್ಲದ ಗಂಡಸು ಮನೆಯಲ್ಲಿ ಕೂತರೆ ಮನೆ ಚಿಕ್ಕದಾಗುತ್ತದೆ. ಅವನು ಒಲೆಯ ಮುಂದೆ ಕೂತರೆ ಅಡಿಗೆಗೆ ಅಡ್ಡ. ಬಾಗಿಲಲ್ಲಿ ಕೂತರೆ ಗುಡಿಸಲು ಅಡ್ಡ. ಮೂರು ವರ್ಷ ಹಾಗೆ ಕಳೆಯಿತು. ಊಟ ಕಡಿಮೆ ಮಾಡಿದ. ಹೆಂಡತಿ ದುಡಿದದ್ದು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಎಂಬತ್ತನಾಲ್ಕರಲ್ಲಿ ನಮ್ಮ ದೇಶದವನೊಬ್ಬ ಆಕಾಶಕ್ಕೆ ಹೋಗಿ ಬಂದ. ಆ ವರ್ಷವೇ ಏಕಾಂತಯ್ಯನವರ ಮಗ ತೋಂಟದಾರ್ಯ ಮಂಗಳೂರಿನಲ್ಲಿ ಮೀನಿನ ಓದು ಮುಗಿಸಿ ಬಂದ. ಲಿಂಗ ಕಟ್ಟಿದ ಮನೆಯಲ್ಲಿ ಮೀನಿನ ಓದು. ಅವನ ಅಜ್ಜಿ ಗುರುಸಿದ್ದಮ್ಮ ಅವನ ಪುಸ್ತಕಗಳನ್ನು ಕೂಡ ನಡುಮನೆಗೆ ಬಿಟ್ಟುಕೊಳ್ಳಲಿಲ್ಲ.

"ಏನಪ್ಪ, ಸಂತೇಲಿ ಬುಟ್ಟಿ ಇಟ್ಕೊಂಡು ಕೂರ್ತೀಯೋ?" ಎಂದು ಕೇಳಿದರು.

"ಇಲ್ಲಜ್ಜಿ, ಆಕಾಶಕ್ಕೆ ಕಳಿಸ್ತೀನಿ."

"ಕಳಿಸು ಕಳಿಸು. ವಾಸನೆಯಾದ್ರೂ ದೂರ ಹೋಗ್ಲಿ."

ಅವನು ತಮಾಷೆಗೆ ಹೇಳಿರಲಿಲ್ಲ. ಅವನ ತಲೆಯಲ್ಲಿ ಅದೇ ಇತ್ತು. ಇನ್ನು ಐವತ್ತು ವರ್ಷಕ್ಕೋ ನೂರು ವರ್ಷಕ್ಕೋ ಆಕಾಶದಲ್ಲಿ ಊರುಗಳಾಗುತ್ತವೆ. ಸಾವಿರಾರು ಜನ ಒಂದು ದೊಡ್ಡ ಮುಚ್ಚಿದ ಡಬ್ಬಿಯ ಒಳಗೆ ಸಂಸಾರ ಮಾಡುತ್ತಾರೆ. ಅಲ್ಲಿ ಮಳೆ ಇಲ್ಲ, ಕೆರೆ ಇಲ್ಲ. ಒಯ್ದ ನೀರನ್ನೇ ಸೋಸಿ ಸೋಸಿ ಬಳಸಬೇಕು. ಹಸು ಕುರಿ ಸಾಕಲು ಜಾಗ ಸಾಲದು. ಕಡಿಮೆ ಮೇವು ತಿಂದು ಹೆಚ್ಚು ಬೆಳೆಯುವುದು ಮೀನು. ಆದ್ದರಿಂದ ಆ ಜನ ಮೀನು ಸಾಕಲೇಬೇಕು. ಎಷ್ಟು ನೀರಿಗೆ ಎಷ್ಟು ಮೀನು ತುಂಬಬಹುದು? ಅದನ್ನು ಮೊದಲು ಮಾಡಿ ತೋರಿಸಿದವನಿಗೆ ದೊಡ್ಡ ಹೆಸರು. ಬೆಂಗಳೂರಿನ ಒಬ್ಬ ವಿಜ್ಞಾನಿಗೆ ಹೀಗೆಲ್ಲ ಬರೆದಿದ್ದ. ಮಾಡಿ ತೋರಿಸು, ಬಂದು ನೋಡುತ್ತೇನೆ ಎಂದು ಅವರು ಉತ್ತರ ಬರೆದಿದ್ದರು.

ಏಕಾಂತಯ್ಯನವರು ಮಗನ ಹಟಕ್ಕೆ ಕೊಬ್ಬರಿ ಮನೆಯ ಪಕ್ಕದ ಕೊಟ್ಟಿಗೆ ಬಿಟ್ಟುಕೊಟ್ಟರು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಸಿಮೆಂಟು ತೊಟ್ಟಿ ಕಟ್ಟಿಸಿದ. ಮೇಲೆ ಜಿಂಕ್ ಶೀಟು. ಗೋಡೆಗೆ ಕಿಟಕಿ ಇಲ್ಲ, ಎರಡು ಟ್ಯೂಬ್‌ಲೈಟ್. ಮೋಟಾರು ನೀರನ್ನು ಎಳೆದು ಡ್ರಮ್ಮುಗಳಿಗೆ ಹಾಕುತ್ತದೆ. ಡ್ರಮ್ಮಿನಲ್ಲಿ ಜಲ್ಲಿ, ಚಿಪ್ಪಿನ ಇದ್ದಿಲು, ತೊಳೆದ ತೆಂಗಿನ ನಾರು. ಸೋಸಿದ ನೀರು ಪೈಪಿನಲ್ಲಿ ತಿರುಗಿ ತೊಟ್ಟಿಗೆ. ನೋಡಿಕೊಳ್ಳಲು ನೀರು ಗೊತ್ತಿದ್ದವನು ಬೇಕಿತ್ತು. ಮಾಯಣ್ಣನನ್ನು ಕರೆಸಿದರು.

ಆ ದಿನ ಅವನು ಮೂರು ವರ್ಷದ ಮೇಲೆ ಎರಡು ಮುದ್ದೆ ಉಂಡ.

"ಒಂದೇ ಮಾತು ನೆನಪಿಟ್ಕೊ ಮಾಯಣ್ಣ," ಎಂದ ತೋಂಟದಾರ್ಯ. "ಐದು ತಿಂಗಳು. ಹೊರಗಿನ ನೀರು ಒಂದು ಹನಿ ಇದಕ್ಕೆ ಬೀಳಬಾರದು. ಅಲ್ಲಿ ಹೇಗೋ ಇಲ್ಲೂ ಹಾಗೆ."

"ಆಗ್ಲಿ ಚಿಕ್ಕಯ್ನೋರೆ. ಆ ಊರಿಗೆ ಮಳೇನೇ ಬರಲ್ವಾ?"

"ಬರಲ್ಲ."

"ಮತ್ತೆ ಯಾರು ಹೋಗ್ತಾರೆ ಅಲ್ಲೀಗೆ?"

"ಇಷ್ಟ ಇದ್ದೋರು ಹೋಗ್ತಾರೆ. ಬಲವಂತ ಏನಿಲ್ಲ."

"ಅಲ್ಲೇ ಹುಟ್ಟೋ ಮಕ್ಳನ್ನ ಯಾರು ಕೇಳ್ತಾರೆ?"

ತೋಂಟದಾರ್ಯ ನಕ್ಕ. ಒಳ್ಳೆಯ ಹುಡುಗ, ಬೈಯುತ್ತಿರಲಿಲ್ಲ. ಕೊಬ್ಬರಿ ಮನೆಯ ಅಟ್ಟದ ಕಡೆ ಕೈ ತೋರಿಸಿದ. "ನಮ್ಮ ಅಟ್ಟದ ಮೇಲೆ ನೋಡು. ಸಿಪ್ಪೆ ಒಳಗೆ ಚಿಪ್ಪು, ಚಿಪ್ಪಿನ ಒಳಗೆ ನೀರು. ಬೆಳಕಿಲ್ಲ, ಗಾಳಿಯಿಲ್ಲ. ಹನ್ನೊಂದು ತಿಂಗಳು ಹಾಗೇ ಇದ್ದು ಉಂಡೆ ಕೊಬ್ಬರಿ ಆಗಲ್ವಾ? ಮುಚ್ಚಿಟ್ರೆ ಎಲ್ಲ ಕೆಡುತ್ತೆ ಅನ್ನೋದು ಸುಳ್ಳು."

"ನೀರು ಆರಿ ಹೋದ ಮ್ಯಾಲೆ ತಾನೆ ಕೊಬ್ರಿ ಆಗೋದು?" ಎಂದ ಮಾಯಣ್ಣ. "ಅಟ್ಟದ ಕಾಯಿ ಮೊಳಕೆ ಹೊಡೆಯಲ್ಲ ಕಣ್ರೀ ಚಿಕ್ಕಯ್ನೋರೆ. ಅದು ಸತ್ತಿರೋ ಕಾಯಿ."

ತೋಂಟದಾರ್ಯನ ನಗು ನಿಂತಿತು. ಡ್ರಮ್ಮಿನ ಕಡೆ ಹೋದ.

ಸಂಕ್ರಾಂತಿ ಕಳೆದು ಗೆಂಡೆ ಮೀನು ತಂದು ಬಿಟ್ಟರು. ಆರು ನೂರು. ಒಂದೊಂದು ಅರ್ಧ ಕೇಜಿ ತೂಗುವಂಥವು. ಕೆರೆಯಲ್ಲಿ ಆರು ನೂರು ಮೀನು ಎಂದರೆ ಕಣ್ಣಿಗೇ ಬೀಳುವುದಿಲ್ಲ. ತೊಟ್ಟಿಯಲ್ಲಿ ಕೈ ಇಟ್ಟರೆ ಮೈ ತಗುಲುತ್ತಿತ್ತು.

ಮಾಯಣ್ಣ ಮನಸ್ಸಿಟ್ಟು ನೋಡಿಕೊಂಡ. ಕಡಲೆ ಹಿಂಡಿ, ತೌಡು ಕಲಸಿ ಹೊತ್ತು ಹೊತ್ತಿಗೆ ಹಾಕಿದ. ನಾರು ತೊಳೆದ. ಕರೆಂಟು ಹೋದರೆ ಮೋಟಾರು ನಿಂತು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಆಗ ಅವನು ಲಂಗೋಟಿಯಲ್ಲಿ ತೊಟ್ಟಿಗೆ ಇಳಿದು, ಕೊಡದಲ್ಲಿ ಅದೇ ನೀರು ಮೊಗೆದು ತಲೆಯ ಮೇಲೆ ಎತ್ತಿ ಸುರಿಯಬೇಕು. ಬಿದ್ದ ನೀರಿನ ಜೊತೆ ಗಾಳಿ ಸೇರುತ್ತದೆ. ಒಂದು ದಿನ ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ಸಿದ್ದಕ್ಕ ಕಾಯಿ ಸುಲಿಯುವುದು ಬಿಟ್ಟು ಬಂದು ಇನ್ನೊಂದು ಕೊಡ ಹಿಡಿದಳು. ಕೆಂಪಯ್ಯನೂ ಬಂದ.

"ಅಲ್ಲ ಕಣಪ್ಪ, ಆಕಾಶದಾಗೆ ಕರೆಂಟು ಹೋದ್ರೆ ಯಾರ್ಲಾ ಕೊಡ ಹುಯ್ಯೋದು?" ಎಂದ ಕೆಂಪಯ್ಯ.

"ನಿನ್ನೇ ಕಳಿಸ್ತೀವಿ ಬುಡು," ಎಂದಳು ಸಿದ್ದಕ್ಕ. "ಇಲ್ಲಿ ಹೆಂಗೂ ನಿನ್ನಿಂದ ಯಾರಿಗೂ ಉಪಯೋಗ ಇಲ್ಲ."

ಮೂರು ಜನ ನಕ್ಕರು. ಮೂರು ಗಂಟೆಗೆ ಕರೆಂಟು ಬಂತು. ಒಂದು ಮೀನೂ ಸತ್ತಿರಲಿಲ್ಲ. ತೋಂಟದಾರ್ಯ ಮಾಯಣ್ಣನ ಎರಡೂ ಕೈ ಹಿಡಿದುಕೊಂಡ. ವಿಜ್ಞಾನಿಗಳು ಒಪ್ಪಿದರೆ ಇಂಥ ಹತ್ತು ತೊಟ್ಟಿ ಆಗುತ್ತವೆ, ನಿನಗೆ ಸಾಯುವ ತನಕ ಕೆಲಸ ಎಂದ. ಮಾಯಣ್ಣ ಆ ಮಾತನ್ನು ಮನೆಗೆ ತಂದು ಹೆಂಡತಿಗೆ ಎರಡು ಸಲ ಹೇಳಿದ.

ಆದರೂ ಅವನಿಗೆ ಸಮಾಧಾನ ಇರಲಿಲ್ಲ. ಮೀನು ಸಾಯುತ್ತಿರಲಿಲ್ಲ. ಎಲ್ಲ ಒಂದೇ ಕಡೆಗೆ ಸುತ್ತುತ್ತಿದ್ದವು, ಗಾಣದ ಎತ್ತಿನ ಹಾಗೆ. ಮೂತಿ ಸಿಮೆಂಟಿಗೆ ಉಜ್ಜಿ ಬೆಳ್ಳಗೆ ಹುಣ್ಣಾಗಿತ್ತು. ಒಂದರ ಬಾಲ ಒಂದು ಕಚ್ಚಿ ರೆಕ್ಕೆಗಳು ಚಿಂದಿ. ಕೆರೆಯ ಮೀನು ನೆರಳು ಕಂಡರೆ ಚಿಮ್ಮಿ ಓಡುತ್ತದೆ. ಇವು ಕೈ ಇಟ್ಟರೂ ಓಡುತ್ತಿರಲಿಲ್ಲ. ಓಡಲು ಎಲ್ಲಿಗೆ?

"ಸಾಯ್ತಾ ಇಲ್ಲ ಕಣೇ," ಎಂದ ಒಂದು ದಿನ ಸಿದ್ದಕ್ಕನಿಗೆ. "ಅಷ್ಟೇಯ."

"ಅಷ್ಟೇ ತಾನೆ ನಿನ್ಗೆ ಹೇಳಿರಾದು? ಸಾಯ್ದಂಗೆ ನೋಡ್ಕ ಅಂತ."

"ಹೂಂ."

"ಮತ್ತೆ? ಸುಮ್ಕಿರು."

ಸುಮ್ಮನಿದ್ದ. ಎಷ್ಟಾದರೂ ಅವಳು ಮೂರು ವರ್ಷ ಒಬ್ಬಳೇ ಸುಲಿದವಳು. ಅವಳ ಕೈಯಲ್ಲೂ ಹುಣ್ಣಿತ್ತು.

ಜ್ಯೇಷ್ಠದಲ್ಲಿ ಬೆಂಗಳೂರಿನ ಆ ವಿಜ್ಞಾನಿಗಳು ಬರುವ ದಿನ ಗೊತ್ತಾಯಿತು. ಐದು ತಿಂಗಳು ತುಂಬಲು ಇನ್ನೊಂದು ವಾರವಿತ್ತು. ತೋಂಟದಾರ್ಯ ಹಿಂದಿನ ದಿನವೇ ಅವರನ್ನು ಕರೆತರಲು ತಿಪಟೂರಿಗೆ ಹೋದ. ಏಕಾಂತಯ್ಯನವರೂ ಕೊಬ್ಬರಿ ಮಂಡಿಯ ಕೆಲಸಕ್ಕೆ ಜೊತೆಗೆ ಹೋದರು. ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಬರುವುದೆಂದು ಮಾತು.

ಆ ಮಧ್ಯಾಹ್ನ ರೋಹಿಣಿ ಮಳೆ ಹಿಡಿಯಿತು.

ಮೊದಲು ಗುಡುಗು. ಆಮೇಲೆ ಜಿಂಕ್ ಶೀಟಿನ ಮೇಲೆ ಹುರಿಗಡಲೆ ಸುರಿದ ಹಾಗೆ ಸದ್ದು. ಕೊಟ್ಟಿಗೆಯ ಒಳಗೆ ಕೂಗಿದರೂ ಕೇಳದು. ಮಾಯಣ್ಣ ಹಿಂಡಿ ಕಲಸುತ್ತಿದ್ದವನು ತಿರುಗಿ ನೋಡಿದ. ಐದು ತಿಂಗಳಿಂದ ಒಂದೇ ಕಡೆ ಸುತ್ತುತ್ತಿದ್ದ ಮೀನು ನಿಂತಿದ್ದವು. ಆರು ನೂರೂ ನಿಂತಿದ್ದವು.

ಆಮೇಲೆ ಎಲ್ಲ ಒಟ್ಟಿಗೆ ಪೈಪಿನ ಕಡೆಗೆ ನುಗ್ಗಿದವು. ಅಲ್ಲಿ ನೀರು ಬೀಳುತ್ತಿತ್ತಲ್ಲ, ಹಳ್ಳ ಅಂದುಕೊಂಡವು. ಒಂದರ ಮೇಲೊಂದು ಬಿದ್ದು ಪೈಪಿನ ಬಾಯಿಗೆ ಹಾರಿದವು. ಬಾಯಿ ಮೂರು ಬೆರಳು ಅಗಲ. ಗೋಡೆಗೆ ಬಡಿದು ಬಿದ್ದು ಮತ್ತೆ ಹಾರಿದವು. ಸಿಮೆಂಟಿನ ಮೇಲೆ ರಕ್ತ ಹತ್ತಿತು. ನಾಲ್ಕು ಹೊರಗೆ ಹಾರಿ ನೆಲದ ಮೇಲೆ ಒದ್ದಾಡಿದವು. ಮಾಯಣ್ಣ ಎತ್ತಿ ಹಾಕಿದ. ಹೊಟ್ಟೆ ಮೆತ್ತಗೆ, ತುಂಬಿಕೊಂಡಿತ್ತು. ಅವನಿಗೆ ಕೈಯಲ್ಲೇ ಗೊತ್ತಾಯಿತು.

ಸಿದ್ದಕ್ಕ ನೆನೆದುಕೊಂಡು ಓಡಿ ಬಂದಳು. ಅವನು ಗೋಡೆಗೆ ಏಣಿ ಇಡುತ್ತಿದ್ದ.

"ಏನು ಮಾಡ್ತಿದೀಯ?"

"ಶೀಟು ತೆಗೀತೀನಿ."

"ನಿಂಗೆ ತಲೆ ಕೆಟ್ಟೈತಾ? ಒಂದು ಹನಿ ಬೀಳಬಾರ್ದು ಅಂದವ್ರೆ. ಅದಷ್ಟೂ ನೀರು ಕೆಟ್ಟೋಯ್ತು ಅಂತಾರೆ. ನಾಳೆ ಒಂದು ದಿನ ಕಣ! ನಾಳೆ ಸಾಹೇಬ್ರು ಬಂದು ನೋಡ್ಕಂಡು ಹೋಗ್ಲಿ. ಆಮ್ಯಾಕೆ ಬೇಕಾದ್ರೆ ಕೊಟ್ಟಿಗೇನೇ ಕಿತ್ತಾಕು."

"ನಾಳೆ ಎಲ್ಡನೇ ದಿನ ಆಯ್ತದೆ."

"ಯಾವ ಎಲ್ಡನೇ ದಿನ? ಇದು ಕೆರೆ ಅಲ್ಲ. ನೀನು ನೀರಗಂಟಿ ಅಲ್ಲ ಈಗ!"

ಅವನು ಏಣಿಯ ಮೇಲೆ ನಿಂತು ಅವಳನ್ನು ನೋಡಿದ. ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು.

ಮೂರು ಶೀಟು ಬಿಚ್ಚಿದ. ಮಳೆ ನೇರ ತೊಟ್ಟಿಗೆ ಬಿತ್ತು. ತೊಳೆದಿಟ್ಟಿದ್ದ ನಾರನ್ನು ಕಟ್ಟು ಕಟ್ಟಿ, ಕಲ್ಲು ಬಿಗಿದು ತೊಟ್ಟಿಯ ಮೂಲೆಗಳಿಗೆ ಬಿಟ್ಟ. ಕೆರೆಯಲ್ಲಿ ಗೆಂಡೆ ಜೊಂಡಿನ ಬೇರಿಗೆ ಮೊಟ್ಟೆ ಇಡುತ್ತದೆ. ಇಲ್ಲಿ ಜೊಂಡಿಲ್ಲ. ಮೀನು ಪೈಪು ಬಿಟ್ಟು ತಿರುಗಿದವು. ಒಂದು ಹೆಣ್ಣಿನ ಹಿಂದೆ ಎರಡು ಮೂರು ಗಂಡು, ನಾರಿನ ಮೇಲೆ ಮೈ ಉಜ್ಜಿ ಬಾಲ ಬಡಿದು, ನೀರೆಲ್ಲ ಕುದಿಯುವ ಎಸರಿನ ಹಾಗೆ. ಸಿದ್ದಕ್ಕ ತೊಟ್ಟಿಯ ಕಟ್ಟೆ ಹಿಡಿದು ನಿಂತಿದ್ದಳು. ಅವಳಿಗೂ ನಗು ಬಂತು. ಅಳುವೂ ಬಂತು. ಇನ್ನು ಇವನು ಮತ್ತೆ ಮನೆಯಲ್ಲಿ ಕೂರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಮಳೆ ನಿಂತ ಮೇಲೆ ಶೀಟು ತಿರುಗಿ ಹಾಕಿದ. ಹಾಕಿದ್ದು ಮುಚ್ಚಿಡಲು ಅಲ್ಲ. ಸೂರು ತೆಗೆದವನು ಹಾಕಬೇಕು, ಅದಕ್ಕೆ.

ಬೆಳಿಗ್ಗೆ ಏಳಕ್ಕೇ ಜೀಪು ಬಂತು. ತೋಂಟದಾರ್ಯನನ್ನು ಪಕ್ಕಕ್ಕೆ ಕರೆದು ಹೇಳಬೇಕು ಎಂದು ಮಾಯಣ್ಣ ಬಾಗಿಲಲ್ಲೇ ನಿಂತಿದ್ದ. ವಿಜ್ಞಾನಿಗಳು ಒಬ್ಬರೇ ಬಂದಿದ್ದರು. ವಯಸ್ಸಾದವರು, ಚುರುಕು. ಚಪ್ಪಲಿ ಬಿಟ್ಟು ನೇರ ಒಳಗೆ ಹೋದರು. ನೀರಿಗೆ ಕೈ ಹಾಕಿ ಒಂದು ನಾರಿನ ಕಟ್ಟು ಎತ್ತಿದರು. ರಾಗಿ ಕಾಳಿನಷ್ಟು ಮೊಟ್ಟೆ, ಬಣ್ಣವಿಲ್ಲದವು, ನಾರಿನ ಎಳೆ ಎಳೆಗೂ ಅಂಟಿಕೊಂಡಿದ್ದವು. ಸಾವಿರ ಸಾವಿರ.

"ತೋಂಟದಾರ್ಯ! ಏನ್ರೀ ಇದು? ಇಷ್ಟು ಇಕ್ಕಟ್ಟಲ್ಲಿ, ಮುಚ್ಚಿದ ನೀರಲ್ಲಿ ಮೊಟ್ಟೆ ಇಟ್ಟಿದೆಯಾ?"

ತೋಂಟದಾರ್ಯ ನೋಡಿದ. ಅವನಿಗೂ ಹೊಸದು. ಆಮೇಲೆ ನೆಲ ನೋಡಿದ, ಒದ್ದೆ. ಮೇಲೆ ಶೀಟಿನ ಮೊಳೆ ನೋಡಿದ. ಮಾಯಣ್ಣನ ಮುಖ ನೋಡಿದ. ತಿಳಿಯಿತು.

"ಹೊರಗಿನ ನೀರು ಏನೂ ಸೇರಿಸಿಲ್ಲ ತಾನೆ?" ಎಂದು ವಿಜ್ಞಾನಿಗಳು ಕೇಳಿದರು.

ತೋಂಟದಾರ್ಯ ಮಾಯಣ್ಣನ ಮುಖದಿಂದ ಕಣ್ಣು ತೆಗೆದ. "ಇಲ್ಲ ಸಾರ್," ಎಂದ.

ಹುಡುಗನ ತಪ್ಪಲ್ಲ. ಒಂದು ವರ್ಷ ಅವನು ಅದಕ್ಕಾಗಿಯೇ ಉಸಿರಾಡಿದ್ದ. ಅಜ್ಜಿಯ ಮಾತು, ನೆಂಟರ ಮಾತು ಎಲ್ಲ ನುಂಗಿದ್ದ. ವಿಜ್ಞಾನಿಗಳು ಅವನ ಬೆನ್ನು ತಟ್ಟಿದರು. ಇದು ಸಣ್ಣ ವಿಷಯವಲ್ಲ, ಮೀನು ಅಲ್ಲೇ ಬೆಳೆದು ಅಲ್ಲೇ ಮರಿ ಹಾಕುತ್ತದೆ ಎಂದರೆ ಅರ್ಧ ಕಷ್ಟ ತೀರಿತು, ನಾನು ಇವತ್ತೇ ಬರೆಯುತ್ತೇನೆ, ಹತ್ತಲ್ಲ ಇಪ್ಪತ್ತು ತೊಟ್ಟಿ ಕಟ್ಟೋಣ ಎಂದರು. ಏಕಾಂತಯ್ಯನವರ ಮುಖ ಅರಳಿತು. ಬಾಗಿಲ ಹೊರಗೆ ನಿಂತಿದ್ದ ಸಿದ್ದಕ್ಕನಿಗೆ ಎಲ್ಲ ಕೇಳುತ್ತಿತ್ತು. ಸುಮ್ಮನಿದ್ದರೆ ಆಯಿತು. ಯಾರೂ ಸುಳ್ಳು ಹೇಳು ಎಂದಿರಲಿಲ್ಲ. ಬರೀ ಸುಮ್ಮನಿದ್ದರೆ ಆಯಿತು.

"ನಿನ್ನೆ ಮಳೆ ನೀರು ಬಿಟ್ಟೆ ಸಾಮಿ," ಎಂದ ಮಾಯಣ್ಣ. "ನಾನೇ ಬಿಟ್ಟೆ. ಶೀಟು ತೆಗೆದು."

ವಿಜ್ಞಾನಿಗಳು ಅವನ ಕಡೆ ತಿರುಗಿದರು.

"ಚಿಕ್ಕಯ್ನೋರಿಗೆ ಗೊತ್ತಿಲ್ಲ. ಅವ್ರು ಊರಲ್ಲಿ ಇರ್ನಿಲ್ಲ. ಮೀನು ಹತ್ತೋಕೆ ನೋಡಿದ್ವು, ಗ್ವಾಡೆಗೆ ಬಡ್ಕಂಡ್ವು. ಮಳೆ ಬಿಟ್ಟ ಮ್ಯಾಕೇ ಮೊಟ್ಟೆ ಇಟ್ಟಿದ್ದು. ಬಿಡ್ದಿದ್ರೆ ಸಾಯ್ತಿದ್ವು."

ಏಕಾಂತಯ್ಯನವರು ಸಿಟ್ಟಿಗೆದ್ದರು. "ಯಾರ್ನ ಕೇಳಿ ತೆಗೆದೆಯೋ? ಯಾರೋ ನಿನಗೆ ಅಧಿಕಾರ ಕೊಟ್ಟೋರು?"

"ಯಾರೂ ಇಲ್ಲ ಬುದ್ಧಿ. ತೆಗೆದಿದ್ದು ತಪ್ಪೇಯ."

ವಿಜ್ಞಾನಿಗಳು ನಾರನ್ನು ನಿಧಾನವಾಗಿ ನೀರಿಗೆ ಇಳಿಸಿದರು. "ಹೇಳದೆ ಇದ್ದಿದ್ರೆ ನಮಗೆ ಗೊತ್ತಾಗ್ತಿರಲಿಲ್ವಲ್ಲಪ್ಪ," ಎಂದರು.

ಮಾಯಣ್ಣ ತಲೆ ಕೆರೆದುಕೊಂಡ. "ನಾನು ನೀರಗಂಟಿ ಸಾಮಿ. ಯಾರ ಗದ್ದೆಗೆ ಎಷ್ಟೊತ್ತು ಬಿಟ್ಟೆ ಅಂತ ಕೇಳ್ದಾಗ ಸುಳ್ಳು ಹೇಳಿದ್ರೆ ಕೆಳಗಿನ ಗದ್ದೆಯೋನು ಒಣಗ್ತಾನೆ. ನೀವು ಇದನ್ನ ಬರೀತೀರಿ. ನಾಳೆ ಮ್ಯಾಲಕ್ಕೋಗೋ ಜನ ನೀವು ಬರ್ದಿದ್ದ ನಂಬ್ಕಂಡು ಹೋಗ್ತಾರೆ, ಹೆಂಡ್ರು ಮಕ್ಳು ಕರ್ಕಂಡು. ಅಲ್ಲಿ ಮೀನು ಹಿಂಗೆ ಬಡ್ಕಂಡ್ರೆ, ಜನಾನೇ ಹಿಂಗೆ ಬಡ್ಕಂಡ್ರೆ, ತೆಗೆಯೋಕೆ ಶೀಟು ಎಲ್ಲೈತೆ?"

ವಿಜ್ಞಾನಿಗಳು ಕಾಫಿ ಕುಡಿಯದೆ ಜೀಪು ಹತ್ತಿದರು. ಹೋಗುವಾಗ ಮಾಯಣ್ಣನಿಗೆ ಕೈ ಮುಗಿದರು. ತೋಂಟದಾರ್ಯನ ಕಡೆ ನೋಡಲಿಲ್ಲ.

ನಾಳೆಯಿಂದ ಬರಬೇಡ ಎಂದು ಏಕಾಂತಯ್ಯನವರು ಹೇಳಿದರು. ಮಾಯಣ್ಣ ಹೂಂ ಎಂದ. ಹೊರಡುವ ಮೊದಲು ನಾರಿನ ಕಟ್ಟುಗಳನ್ನು ತೊಟ್ಟಿಯಿಂದ ಎತ್ತಿ, ಹಿತ್ತಲಲ್ಲಿ ಎತ್ತುಗಳಿಗೆ ನೀರಿಡುವ ಕಲ್ಲು ಬಾನಿ ತೊಳೆದು ತುಂಬಿಸಿ ಅದರಲ್ಲಿ ಇಟ್ಟ. ಅಲ್ಲೇ ಬಿಟ್ಟರೆ ಹಸಿದ ಮೀನು ತಮ್ಮ ಮೊಟ್ಟೆ ತಾವೇ ತಿನ್ನುತ್ತವೆ. ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಬಾಗಿಲಲ್ಲಿ ಕೂತ.

ಸಿದ್ದಕ್ಕ ಆ ದಿನ ಅವನನ್ನು ಬೈದಳು. ಬೈದದ್ದು ಬಹಳ. ಮಕ್ಕಳಿಲ್ಲದ ಮನೆ, ನಾಳೆ ನಾನು ಮಲಗಿದರೆ ನಿನಗೆ ಗಂಜಿ ಕಾಯಿಸುವವರು ಯಾರು, ಮೀನು ಬಂದು ಕಾಯಿಸುತ್ತದಾ ಎಂದಳು. ವಿಜ್ಞಾನಿಗಳ ಮುಂದೆ ಅವನು ಅಂದದ್ದನ್ನು ತಿರುಗಿ ತೆಗೆದುಕೊಳ್ಳಲು ಈಗ ಆಗುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತೋಂಟದಾರ್ಯ ಅವರ ಮನೆಯ ಮುಂದೆ ನಿಂತಿದ್ದ. ಗಡ್ಡ ಬಂದಿತ್ತು. ಅವನು ಆ ಬೀದಿಗೆ ಬಂದದ್ದು ಅದೇ ಮೊದಲು.

"ಮಾಯಣ್ಣ. ಬಾನೀಲಿ ಮರಿ ಆಗಿದೆ."

"ಆಗ್ಬೇಕಲ್ಲ."

"ಎಳೆ ಕೂದಲಿನ ಹಾಗಿವೆ. ಕಣ್ಣು ಮಾತ್ರ ಕಾಣುತ್ತೆ. ನಾರಿಗೆ ನೇತಾಡ್ತಿವೆ, ಲೆಕ್ಕವೇ ಸಿಗಲ್ಲ. ನೀರು ಬದಲಾಯಿಸಲಾ? ಏನು ಹಾಕಲಿ?"

"ನೀವು ಓದಿದೀರಲ್ಲ ಚಿಕ್ಕಯ್ನೋರೆ?"

"ಓದಿದೀನಿ." ತೋಂಟದಾರ್ಯ ಕೆಳಗೆ ನೋಡಿದ. "ನನ್ನ ಕಣ್ಣಲ್ಲಿ ನೋಡಿರಲಿಲ್ಲ."

ಸಿದ್ದಕ್ಕ ಒಳಗಿಂದ ಬಂದಳು. "ಬೇಡ ಅಂದೋರು ನೀವೇ, ಕರ್ಯಕ್ಕೆ ಬಂದೋರೂ ನೀವೇ. ಏನು, ನಮ್ಮನೆಯೋರೇನು ಬಾವಿ ಹಗ್ಗಾನ, ಬೇಕಾದಾಗ ಎಳೆಯೋಕೆ?"

"ತಪ್ಪಾಯ್ತಮ್ಮ," ಎಂದ ತೋಂಟದಾರ್ಯ. "ಅಲ್ಲಿ ಒಂದು ಮಾತು ಸುಳ್ಳು ಹೇಳಿದ್ನಲ್ಲ, ಅದನ್ನ ಮಾಯಣ್ಣ ಕೇಳಿಸ್ಕೊಂಡ. ಅವತ್ತಿಂದ ನನಗೆ ಊಟ ಸೇರ್ತಿಲ್ಲ."

ಊಟ ಸೇರದ ಗಂಡಸು ಎಂದರೆ ಏನು ಎಂದು ಸಿದ್ದಕ್ಕನಿಗೆ ಗೊತ್ತಿತ್ತು. ಅವಳು ಪಕ್ಕಕ್ಕೆ ಸರಿದಳು. ಮಾಯಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡ.

ಏಕಾಂತಯ್ಯನವರನ್ನು ಒಪ್ಪಿಸಲು ಹುಡುಗನಿಗೆ ಹದಿನೈದು ದಿನ ಹಿಡಿಯಿತು. ಆಕಾಶದ ಮಾತು ಬೇಡ, ಸುತ್ತಲಿನ ಕೆರೆಗಳಿಗೆ ಬಿಡಲು ಮರಿ ಸಾಕೋಣ ಎಂದ. ತೋಟದ ತಗ್ಗಿನಲ್ಲಿ ಮಣ್ಣಿನ ಹೊಂಡ ತೋಡಿಸಿದರು. ಮೇಲೆ ಸೂರಿಲ್ಲ. ಕೊಟ್ಟಿಗೆಯಲ್ಲಿ ಉಳಿದ ದೊಡ್ಡ ಮೀನುಗಳಿಗೂ ಅದೇ ಜಾಗ. ಹೊಂಡಕ್ಕೆ ಮೊಣಕಾಲು ನೀರು ಬಂದ ದಿನ ಅಪ್ಪ ಮಗ ಇಬ್ಬರೂ ದಡದಲ್ಲಿ ನಿಂತಿದ್ದರು. ಕೆಂಪಯ್ಯ ಸನಿಕೆ ಊರಿಕೊಂಡು ಬೀಡಿ ಹಚ್ಚಿದ್ದ. ಸಿದ್ದಕ್ಕ ಕಾಯಿ ಬುಟ್ಟಿ ಇಳಿಸಿ ನೋಡುತ್ತಿದ್ದಳು.

"ದೊಡ್ಡ ಮೀನು ಎಷ್ಟು ಬಿಡೋಣ ಇದಕ್ಕೆ?" ಎಂದು ಏಕಾಂತಯ್ಯನವರು ಕೇಳಿದರು. ಕೇಳಿದ್ದು ಮಗನನ್ನಲ್ಲ.

ಮಾಯಣ್ಣ ಪಂಚೆ ಎತ್ತಿ ಕಟ್ಟಿ ಹೊಂಡಕ್ಕೆ ಇಳಿದ. ನಡುವೆ ಹೋಗಿ ಎರಡೂ ಕೈ ಚಾಚಿ ನಿಂತ. ಸೊಟ್ಟ ಕಾಲಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿದ.

"ಇದೇನ್ಲಾ, ಕೋಲಾಟನಾ?" ಎಂದ ಕೆಂಪಯ್ಯ.

"ಇನ್ನೂರು," ಎಂದ ಮಾಯಣ್ಣ.

"ಪುಸ್ತಕದ ಪ್ರಕಾರ ಐನೂರು ಹಿಡಿಯುತ್ತೆ ಮಾಯಣ್ಣ," ಎಂದ ತೋಂಟದಾರ್ಯ.

"ಹಿಡಿಸ್ಬೋದು."

"ನಾನೂರು?"

ಮಾಯಣ್ಣ ಇನ್ನೊಂದು ಸುತ್ತು ತಿರುಗಿದ. ಈ ಸಲ ಕೈ ಇನ್ನೂ ಅಗಲ ಚಾಚಿದ್ದ.

"ನೂರೈವತ್ತು," ಎಂದ.

"ಅಯ್ಯೋ, ಕಮ್ಮಿ ಮಾಡ್ತಾ ಇದಾನಲ್ಲೋ ಇವನು!" ಎಂದು ಏಕಾಂತಯ್ಯನವರು ಮಗನ ತೋಳು ಹಿಡಿದುಕೊಂಡರು. "ಮೊದಲು ಹೇಳಿದ್ದಕ್ಕೇ ಹೂಂ ಅನ್ನೋ. ಇನ್ನೊಂದು ಸುತ್ತು ತಿರುಗಿದ್ರೆ ನಮಗೇನೂ ಉಳಿಯಲ್ಲ."